ಲೋಹದ ಬೇರಿಗೆ ದಾನದ ಎಲುಬು

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ಗಾದೆಯನ್ನು ಕಟ್ಟಿದವರ ಕಾಲದಲ್ಲಿ ಹೋದ ಹಲ್ಲು ಹೋದಂತೆಯೇ ಸರಿ. ಇಂದು ಹಾಗಿಲ್ಲ. ದವಡೆಯ ಎಲುಬಿನೊಳಗೆ ತಿರುಪುಮೊಳೆಯ ಆಕಾರದ ಲೋಹದ ತುಂಡೊಂದನ್ನು ಕೂರಿಸಿ, ಅದರ ಮೇಲೆ ಹಲ್ಲನ್ನು ಕಟ್ಟುವ ವಿದ್ಯೆಯು ದೊಡ್ಡ ಪಟ್ಟಣಗಳನ್ನು ದಾಟಿ ಬಳ್ಳಾರಿ, ಹೊಸಪೇಟೆಗಳವರೆಗೂ ಬಂದಿದೆ. ವೈದ್ಯರು ಅದನ್ನು ಇಂಪ್ಲಾಂಟ್ ಎನ್ನುವರು. ನಾನು ಇಲ್ಲಿ ಲೋಹದ ಬೇರು ಎಂದೇ ಕರೆಯುತ್ತೇನೆ. ಬೇರು ನಿಲ್ಲಬೇಕಾದರೆ ನೆಲ ಬೇಕಷ್ಟೆ. ನೆಲವೇ ಕರಗಿಹೋಗಿರುವ ಕಡೆ ಬೇರೊಬ್ಬ ಮನುಷ್ಯನ ಎಲುಬನ್ನು ತಂದು ತುಂಬುವುದುಂಟು. ಹಾಗೆ ತುಂಬಿದ ಎಲುಬು ಲೋಹದ ಬೇರನ್ನು ಹಿಡಿಯುವುದೆ? ಹಿಡಿಯುವುದಾದರೆ ಹೇಗೆ? ಇದೇ ಈ ಲೇಖನದ ವಿಷಯ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆ ಎಂದು ವಿಜ್ಞಾನ ಓದುವ ಮಿತ್ರರು ಕೇಳಬಹುದು. ಇತಿಹಾಸ ಓದುವವನಿಗೂ ಹಲ್ಲುಗಳಿರುತ್ತವೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಮುಂದೆ ತಾನಾಗಿಯೇ ಬರುವುದು.

ಮೊದಲು ಎಲುಬು ಕರಗುವುದೇಕೆ ಎಂಬುದನ್ನು ನೋಡೋಣ. ಹಲ್ಲು ಬೇಲಿಗೂಟದಂತೆ ಎಲುಬಿನಲ್ಲಿ ಸುಮ್ಮನೆ ನೆಟ್ಟದ್ದಲ್ಲ. ಬೇರಿಗೂ ಎಲುಬಿಗೂ ನಡುವೆ ತೆಳ್ಳನೆಯ ನಾರುಗಳ ಹಾಸು ಇದೆ. ನಾವು ರೊಟ್ಟಿಯನ್ನೋ ಕಬ್ಬನ್ನೋ ಅಗಿದಾಗಲೆಲ್ಲ ಆ ನಾರುಗಳು ಎಲುಬನ್ನು ಎಳೆಯುವುವು. ಆ ಎಳೆತವೇ ಎಲುಬಿಗೆ ಕೆಲಸ, ಆ ಕೆಲಸವೇ ಅದಕ್ಕೆ ಆಯುಷ್ಯ. ಹಲ್ಲು ಹೋದೊಡನೆ ಎಲುಬಿಗೆ ಕೆಲಸ ತಪ್ಪುವುದು. ಕೆಲಸವಿಲ್ಲದ ಅಂಗವನ್ನು ದೇಹವು ಬಹುಕಾಲ ಸಾಕುವುದಿಲ್ಲ. ಡೆನ್ಮಾರ್ಕಿನ ದಂತವೈದ್ಯರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಿಂಭಾಗದ ಹಲ್ಲು ಕಿತ್ತ ಜಾಗದ ದಿಂಡಿನ ಅಗಲವು ಒಂದು ವರ್ಷದಲ್ಲಿ ಸರಾಸರಿ ೧೨ ಮಿಲಿಮೀಟರಿನಿಂದ ಸುಮಾರು ೬ಕ್ಕೆ ಇಳಿಯಿತು. ಆ ಇಳಿತದ ಮೂರರಲ್ಲೆರಡು ಪಾಲು ಮೊದಲ ಮೂರು ತಿಂಗಳಿನಲ್ಲಿಯೇ ಆಗಿಹೋಗಿತ್ತು. ಲೋಹದ ಬೇರಿನ ದಪ್ಪ ಸಾಮಾನ್ಯವಾಗಿ ೪ ಮಿಲಿಮೀಟರಿನ ಆಸುಪಾಸು. ಅದರ ಎರಡೂ ಪಕ್ಕದಲ್ಲಿ ಒಂದು, ಒಂದೂವರೆ ಮಿಲಿಮೀಟರಿನಷ್ಟಾದರೂ ಎಲುಬು ಉಳಿಯಬೇಕು. ಲೆಕ್ಕ ಹಾಕಿದರೆ, ಒಂದು ವರ್ಷ ಕಾದವನಿಗೇ ನೆಲ ಸಾಲದಾಗುವ ಹಾಗಿದೆ. ನಮ್ಮ ಕಡೆ ಹಲ್ಲು ಕೀಳಿಸಿದ ಮೇಲೆ "ನೋವು ಹೋಯಿತು, ಪೀಡೆ ಹೋಯಿತು" ಎಂದು ಐದಾರು ವರ್ಷ ಸುಮ್ಮನಿರುವುದೇ ರೂಢಿ. ಮೇಲ್ದವಡೆಯ ಹಿಂಭಾಗದಲ್ಲಂತೂ ಕಷ್ಟ ಇಮ್ಮಡಿ. ಅಲ್ಲಿ ಕೆನ್ನೆಯ ಎಲುಬಿನೊಳಗಿನ ಗಾಳಿಯ ಗೂಡು ಮೇಲಿನಿಂದ ಕೆಳಕ್ಕೆ ಹಿಗ್ಗುವುದರಿಂದ, ಎಲುಬು ಎರಡು ಕಡೆಯಿಂದಲೂ ಸವೆದಂತಾಗುವುದು.

ಇನ್ನು ಲೋಹದ ಮಾತು. ತೋರಣಗಲ್ಲಿನವರಾದ ನಮಗೆ ಲೋಹವೆಂದರೆ ಕಬ್ಬಿಣವೇ. ಸಂಡೂರಿನ ಬೆಟ್ಟಗಳ ಕೆಂಪು ಅದಿರು ನಮ್ಮೂರ ಕುಲುಮೆಗಳಲ್ಲಿ ಕರಗಿ ಉಕ್ಕಾಗುವುದನ್ನು ನಿತ್ಯ ಕಾಣುತ್ತೇವೆ. ಹಾಗಾದರೆ ಉಕ್ಕಿನ ಮೊಳೆಯನ್ನೇ ದವಡೆಗೆ ಕೂರಿಸಬಾರದೇಕೆ? ಉಕ್ಕನ್ನು ದೇಹವು ಬಹುಮಟ್ಟಿಗೆ ಹೊರಗಿನವನೆಂದೇ ಎಣಿಸಿ, ಅದರ ಸುತ್ತ ನಾರಿನ ಪೊರೆಯೊಂದನ್ನು ಹೆಣೆದು ದೂರವಿಡುವುದು. ಪೊರೆಯೊಳಗಿನ ಮೊಳೆ ಇಂದಲ್ಲ ನಾಳೆ ಅಲುಗಾಡುವುದು. ಟೈಟಾನಿಯಂ ಎಂಬ ಲೋಹದ ನಡತೆಯೇ ಬೇರೆ. ಅದಕ್ಕೂ ತುಕ್ಕು ಹಿಡಿಯುತ್ತದೆ. ಆದರೆ ಕಬ್ಬಿಣದ ತುಕ್ಕು ಉದುರಿ ಲೋಹವನ್ನು ತಿಂದುಹಾಕಿದರೆ, ಟೈಟಾನಿಯಂ ತುಕ್ಕು ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಗಟ್ಟಿಯಾಗಿ ಅಂಟಿಕೊಂಡು, ಒಳಗಿನ ಲೋಹಕ್ಕೆ ಕವಚವಾಗಿ ನಿಲ್ಲುವುದು. ಎಲುಬಿನ ಜೀವಕಣಗಳು ಈ ಕವಚವನ್ನು ಒಪ್ಪಿಕೊಂಡು ಅದರ ಮೈಗೆ ತಾಗುವಂತೆಯೇ ಬೆಳೆಯುವುವು. ಈ ಲೋಹದ ಅದಿರು ನಮಗೆ ದೂರದ್ದೇನಲ್ಲ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿದೆ.

ಈ ಗುಣ ಗೊತ್ತಾದದ್ದು ಆಕಸ್ಮಿಕವಾಗಿ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿದ್ವಾಂಸರು ೧೯೫೨ರಲ್ಲಿ ಮೊಲದ ಕಾಲೆಲುಬಿನಲ್ಲಿ ರಕ್ತ ಹರಿಯುವ ಬಗೆಯನ್ನು ಕಾಣಲು ಟೈಟಾನಿಯಂನ ಪುಟ್ಟ ಗೂಡೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದು ಅದನ್ನು ತೆಗೆಯಹೋದರೆ ಬರಲೊಲ್ಲದು! ಎಲುಬು ಅದನ್ನು ತನ್ನದಾಗಿಸಿಕೊಂಡಿತ್ತು. ಬೇರೆಯವರಾಗಿದ್ದರೆ ದುಬಾರಿಯ ಉಪಕರಣ ಹಾಳಾಯಿತೆಂದು ಹಣೆ ಚಚ್ಚಿಕೊಳ್ಳುತ್ತಿದ್ದರೋ ಏನೋ. ಇವರು ೧೯೬೫ರಲ್ಲಿ ಯೋಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಗೆ ಇಂಥ ಬೇರುಗಳನ್ನು ಕೂರಿಸಿದರು. ಲಾರ್ಸನ್ ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಅವುಗಳ ಮೇಲೆಯೇ ಉಂಡರು. ೧೯೮೨ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರವೇ ಲೋಕದ ದಂತವೈದ್ಯರು ಈ ಮಾತನ್ನು ಒಪ್ಪಿದ್ದು. ಲೋಹಕ್ಕೂ ಜೀವಂತ ಎಲುಬಿಗೂ ನಡುವೆ ನಾರಿನ ಪದರವಿಲ್ಲದೆ ಆಗುವ ಈ ಕೂಡುವಿಕೆಯನ್ನು ನಾವು ಎಲುಬಿನ ಬೆಸುಗೆ ಎನ್ನಬಹುದು. ಬೆಂಕಿಯಿಲ್ಲದ ಬೆಸುಗೆ. ಬೆಂಕಿ ಇದಕ್ಕೆ ಶತ್ರುವೇ ಸರಿ: ಎಲುಬನ್ನು ಕೊರೆಯುವಾಗ ೪೭ ಡಿಗ್ರಿಯ ಶಾಖ ಒಂದು ನಿಮಿಷ ತಗುಲಿದರೂ ಅದಕ್ಕೆ ಪೆಟ್ಟಾಗುವುದೆಂದು ೧೯೮೩ರಲ್ಲಿ ಸ್ವೀಡನ್ನಿನಲ್ಲಿಯೇ ತೋರಿಸಿದರು. ಆದುದರಿಂದಲೇ ಕೊರೆಯುವಾಗ ಉಪ್ಪುನೀರನ್ನು ಎಡೆಬಿಡದೆ ಹರಿಸುವರು.

ನೆಲ ಸಾಲದಿದ್ದರೆ ಎಲುಬನ್ನು ತರುವುದೆಲ್ಲಿಂದ? ರೋಗಿಯ ಗದ್ದದಿಂದಲೋ ದವಡೆಯ ಹಿಂದಿನಿಂದಲೋ ಸೊಂಟದಿಂದಲೋ ತೆಗೆಯಬಹುದು. ಜೀವಕಣಗಳು ಸಹಿತ ಬರುವುದರಿಂದ ಇದೇ ಶ್ರೇಷ್ಠವೆಂದು ಬಹುಕಾಲದಿಂದ ಎಣಿಸಿದ್ದಾರೆ. ಆದರೆ ಒಂದು ಗಾಯಕ್ಕೆ ಎರಡು ಗಾಯವಾಗುವುದು, ಸಿಗುವುದೂ ಸ್ವಲ್ಪ. ದನದ ಎಲುಬನ್ನು ಸುಟ್ಟು ಶುದ್ಧಮಾಡಿದ ಹರಳುಗಳುಂಟು. ಕಾರ್ಖಾನೆಯಲ್ಲಿ ಮಾಡಿದ ಸುಣ್ಣದ ಅಂಶದ ಹರಳುಗಳೂ ಉಂಟು. ನಾಲ್ಕನೆಯದೇ ನಮ್ಮ ವಿಷಯವಾದ ದಾನಿಯ ಎಲುಬು.

ಇದನ್ನು ಎಲುಬಿನ ಕಸಿ ಎನ್ನುವರು. ಈ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆಂದು ನನ್ನ ಅಭಿಪ್ರಾಯ. ಮಾವಿನ ಕಸಿಯಲ್ಲಿ ತಂದ ಕೊನೆ ಜೀವಂತವಾಗಿರುತ್ತದೆ. ಅದೇ ಚಿಗುರಿ, ಅದೇ ತನ್ನ ಜಾತಿಯ ಹಣ್ಣು ಕೊಡುತ್ತದೆ. ದಾನಿಯ ಎಲುಬಿನಲ್ಲಿ ಜೀವವಿಲ್ಲ. ಅದು ಚಿಗುರುವುದಿಲ್ಲ. ಮನೆಗೆ ಆರ್‌ಸಿಸಿ ಛಾವಣಿ ಹಾಕುವಾಗ ಕೆಳಗೆ ಹಲಗೆ ಕಂಬಗಳ ಸೆಂಟ್ರಿಂಗ್ ಕಟ್ಟುತ್ತಾರಲ್ಲವೆ? ಅದರ ಕೆಲಸವನ್ನೇ ಇದು ಮಾಡುವುದು. ಒಂದೇ ವ್ಯತ್ಯಾಸವೆಂದರೆ, ಸೆಂಟ್ರಿಂಗನ್ನು ಒಂದು ದಿನ ಒಟ್ಟಿಗೆ ಬಿಚ್ಚುವರು. ಇದನ್ನು ದೇಹವು ಚೂರು ಚೂರಾಗಿ ತಿಂದು, ತಿಂದಷ್ಟು ಜಾಗದಲ್ಲಿ ತನ್ನ ಎಲುಬನ್ನು ಕಟ್ಟುತ್ತ ಹೋಗುವುದು.

ಈ ಸಂಗತಿ ನನಗೆ ಕೇವಲ ಪುಸ್ತಕದ್ದಾಗಿ ಉಳಿಯಲಿಲ್ಲ. ನನ್ನ ಸೋದರಮಾವ ಅದಿರಿನ ಲಾರಿ ಓಡಿಸುವವರು. ಟಾರ್ಪಾಲು ಬಿಗಿಯುವಾಗ ಲಾರಿಯ ಮೇಲಿಂದ ಬಿದ್ದು ಮೇಲಿನ ಎರಡು ಮುಂದಿನ ಹಲ್ಲುಗಳನ್ನು ಕಳೆದುಕೊಂಡಿದ್ದರು. ನಾಲ್ಕು ವರ್ಷ ಬಾಯಿಗೆ ವಲ್ಲಿ ಅಡ್ಡ ಹಿಡಿದು ನಗುತ್ತಿದ್ದವರು, ಕೊನೆಗೆ ಬಳ್ಳಾರಿಗೆ ಹೋಗಿ ತೋರಿಸಿದಾಗ ವೈದ್ಯರು, ಎಲುಬು ತೆಳ್ಳಗಾಗಿದೆ, ದಾನಿಯ ಎಲುಬಿನ ಪುಡಿ ತುಂಬಿ ಆರು ತಿಂಗಳು ಕಾಯಬೇಕು ಎಂದರು. ಮನೆಯಲ್ಲಿ ಈ ಮಾತು ಬಂದ ರಾತ್ರಿ ಅಜ್ಜಿ ಊಟ ಬಿಟ್ಟಳು. "ಯಾರ್ದೋ ಸತ್ತೋರ ಎಲುಬು ಬಾಯಾಗ ಇಟ್ಕಂಡು ದೇವ್ರ ಮುಂದ ಹೆಂಗ ನಿಂದ್ರತೀಯೋ?" ಎಂದು ಕೇಳಿದಳು. "ಪುನೀತಣ್ಣನ ಕಣ್ಣು ಬ್ಯಾರೇರು ಇಟ್ಕಂಡಿಲ್ಲೇನು, ಯವ್ವಾ?" ಎಂದು ಮಾವ ಕೇಳಿದರು. "ಕಣ್ಣು ಬ್ಯಾರೆ, ಎಲುಬು ಬ್ಯಾರೆ" ಎಂದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ, ಯಾರ ಮಾತು ಸರಿಯೆಂಬುದನ್ನು ಓದಿ ಹೇಳುವ ಹೊಣೆ ನನ್ನ ತಲೆಗೆ ಬಂತು. ಇದೇ ಎರಡನೆಯ ಉತ್ತರ.

ಓದಿದಾಗ ಕಂಡದ್ದೇನೆಂದರೆ, ಅಜ್ಜಿಯ ಪ್ರಶ್ನೆ ಬಹಳ ಹಳೆಯದು. ೧೬೬೮ರಲ್ಲಿ ಹಾಲೆಂಡಿನ ಯೋಬ್ ವಾನ್ ಮೇಕೆರೆನ್ ಎಂಬ ಶಸ್ತ್ರವೈದ್ಯನ ಗ್ರಂಥ ಪ್ರಕಟವಾಯಿತು. ಗಾಯಗೊಂಡ ರಷ್ಯದ ಸರದಾರನೊಬ್ಬನ ತಲೆಬುರುಡೆಗೆ ನಾಯಿಯ ಬುರುಡೆಯ ಚೂರನ್ನು ಕೂರಿಸಿದ ವೃತ್ತಾಂತ ಅದರಲ್ಲಿದೆ. ಗಾಯವೇನೋ ಮಾಯಿತು, ಆದರೆ ಚರ್ಚು ಅವನನ್ನು ಧರ್ಮದಿಂದ ಹೊರಗಿಟ್ಟಿತು. ಆ ಚೂರನ್ನು ತೆಗೆದುಬಿಡಿರೆಂದು ಅವನು ಬೇಡಿಕೊಂಡರೂ, ಅಷ್ಟರಲ್ಲಿ ಅದು ಕೂಡಿಕೊಂಡುಬಿಟ್ಟಿತ್ತಂತೆ. ಮನುಷ್ಯನ ಎಲುಬನ್ನು ಮನುಷ್ಯನಿಗೆ ಹಾಕಿ ಗೆದ್ದವರೆಂದರೆ ಸ್ಕಾಟ್ಲೆಂಡಿನ ವಿಲಿಯಂ ಮೆಕ್ಯೂಯೆನ್. ಅವರು ೧೮೭೯-೮೦ರಲ್ಲಿ ಗ್ಲಾಸ್ಗೋದಲ್ಲಿ, ಸೋಂಕಿನಿಂದ ತೋಳಿನ ಎಲುಬು ಕಳೆದುಕೊಂಡ ಪುಟ್ಟ ಹುಡುಗನಿಗೆ, ಸೊಟ್ಟಗಾಲು ನೆಟ್ಟಗೆ ಮಾಡುವಾಗ ಬೇರೆ ಮಕ್ಕಳ ಕಾಲಿನಿಂದ ತೆಗೆದ ಎಲುಬಿನ ತುಂಡುಗಳನ್ನು ಹಾಕಿ ತೋಳನ್ನು ಉಳಿಸಿದರು. ಆ ದಾನಿಗಳು ಸತ್ತವರಲ್ಲ. ಅವರಿಗೆ ಬೇಡವಾದ ಎಲುಬು ಇನ್ನೊಬ್ಬನಿಗೆ ಬೇಕಾಯಿತು, ಅಷ್ಟೆ.

ಇಂದೂ ಹೀಗೆಯೇ ನಡೆಯುತ್ತದೆಂದು ತಿಳಿದರೆ ಅಜ್ಜಿಯಂಥವರಿಗೆ ಅರ್ಧ ಸಮಾಧಾನವಾದೀತು. ಸೊಂಟದ ಕೀಲು ಬದಲಿಸುವಾಗ ತೊಡೆಯೆಲುಬಿನ ತಲೆಯನ್ನು ಕತ್ತರಿಸಿ ತೆಗೆಯುವರು. ಒಪ್ಪಿಗೆ ಕೊಟ್ಟವರಿಂದ ಅದನ್ನು ಪಡೆದು ಅಂಗಾಂಶ ಬ್ಯಾಂಕಿಗೆ ಸೇರಿಸಬಹುದು. ಮರಣಾನಂತರ ಕೊಟ್ಟವರ ಎಲುಬೂ ಬರುವುದುಂಟು. ಅಮೆರಿಕದ ನೌಕಾದಳವು ೧೯೪೯ರಲ್ಲಿ ಇಂಥ ಬ್ಯಾಂಕನ್ನು ತೆರೆಯಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು ೧೯೮೮ರಲ್ಲಿ ಆರಂಭವಾಯಿತು. ದಾನಿಯ ರಕ್ತದಲ್ಲಿ ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳು, ಸಿಫಿಲಿಸ್ ಇವುಗಳ ಪರೀಕ್ಷೆಯಾಗಬೇಕು. ಆಮೇಲೆ ಎಲುಬಿನಿಂದ ರಕ್ತ, ಮಜ್ಜೆ, ಜಿಡ್ಡುಗಳನ್ನು ತೊಳೆದು, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರಿನಂಶವನ್ನು ಎಳೆದು, ಕಾಳುಗಳಾಗಿ ಪುಡಿಮಾಡಿ, ಸಾಮಾನ್ಯವಾಗಿ ೨೫ ಕಿಲೋಗ್ರೇ ಪ್ರಮಾಣದ ಗಾಮಾ ಕಿರಣಗಳಿಂದ ರೋಗಾಣುಗಳನ್ನು ಕೊಲ್ಲುವರು. ಕೊನೆಗೆ ಸೀಸೆಯಲ್ಲಿ ಉಳಿಯುವುದು ಸಣ್ಣ ರವೆಯಂಥ ಬಿಳಿಯ ಕಾಳು. ಜೀವಕಣಗಳೇ ಇಲ್ಲವಾದ್ದರಿಂದ ರಕ್ತದ ಗುಂಪು ಹೊಂದಬೇಕೆಂಬ ಕಟ್ಟುಪಾಡೂ ಇಲ್ಲ. ೧೯೯೪ರ ಅಂಗಾಂಗ ಕಸಿ ಕಾಯಿದೆಯನ್ನು ೨೦೧೧ರಲ್ಲಿ ತಿದ್ದಿ ಅಂಗಾಂಶಗಳನ್ನೂ ಅದರಡಿ ತಂದಿದ್ದಾರೆ. ಅಂಗಗಳಂತೆ ಇವನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ೨೦೨೧ರಲ್ಲಿ ಪುನೀತ್ ರಾಜಕುಮಾರರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ನಾಡಿನಲ್ಲಿ ನೇತ್ರದಾನದ ಹೆಸರು ಮನೆಮನೆಗೆ ಮುಟ್ಟಿತು. ಎಲುಬಿನ ದಾನಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ವೈದ್ಯರು ಒಸಡನ್ನು ಬಿಡಿಸಿ, ಉಳಿದಿರುವ ಎಲುಬಿನ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು ರಕ್ತ ಜಿನುಗುವಂತೆ ಮಾಡುವರು. ಗಾಯ ಮಾಡುವುದೇಕೆಂದರೆ, ಹೊಸ ಎಲುಬನ್ನು ಕಟ್ಟುವ ಕೂಲಿಗಳೆಲ್ಲರೂ ಆ ರಕ್ತದ ದಾರಿಯಲ್ಲಿಯೇ ಬರಬೇಕು. ಅಲ್ಲಿ ದಾನದ ಕಾಳನ್ನು ತುಂಬಿ, ಮೇಲೆ ತೆಳುವಾದ ಹೊದಿಕೆಯೊಂದನ್ನು ಹಾಸಿ, ಒಸಡನ್ನು ಎಳೆತವಿಲ್ಲದಂತೆ ಹೊಲಿಯುವರು. ಹೊದಿಕೆ ಏಕೆ? ಒಸಡು ಅವಸರದ್ದು, ಎಲುಬು ನಿಧಾನದ್ದು. ತಡೆಯಿಲ್ಲದಿದ್ದರೆ ಒಸಡಿನ ಕಣಗಳೇ ಮೊದಲು ನುಗ್ಗಿ ಜಾಗ ಹಿಡಿದುಬಿಡುವುವು.

ಮೊದಲ ದಿನಗಳಲ್ಲಿ ಕಾಳುಗಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಕೆಲವು ವಾರಗಳಲ್ಲಿ ಅದರೊಳಗೆ ಹೊಸ ರಕ್ತನಾಳಗಳು ಚಾಚಿಕೊಳ್ಳುವುವು. ಅವುಗಳ ಹಿಂದೆ ಎರಡು ಬಗೆಯ ಕಣಗಳು ಬರುತ್ತವೆ: ಒಂದು ಎಲುಬನ್ನು ಕರಗಿಸಿ ತಿನ್ನುವುದು, ಇನ್ನೊಂದು ಹೊಸತನ್ನು ಕಟ್ಟುವುದು. ಈ ಕೆಲಸ ಅಂಚಿನಿಂದ ನಡುವಿನ ಕಡೆಗೆ ತೆವಳಿಕೊಂಡು ಸಾಗುವುದು. ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಹಲ್ಲು ಕಿತ್ತ ಕುಳಿಯಂತೆ ಸುತ್ತಲೂ ಗೋಡೆಯಿರುವಲ್ಲಿ ಕೆಲಸ ಬೇಗ, ಭದ್ರ. ನಾಲ್ಕು ಕಡೆಯಿಂದಲೂ ಕೂಲಿಗಳು ಬರುತ್ತಾರೆ. ಒಂದೇ ಗೋಡೆಯಿರುವ ಕಡೆ, ಅದರಲ್ಲಿಯೂ ಸವೆದು ಚಪ್ಪಟೆಯಾದ ದಿಂಡನ್ನು ಎತ್ತರಿಸಬೇಕಾದ ಕಡೆ, ಬಹಳ ಕಷ್ಟ. ಅದೇ ದಾನಿಯ ಅದೇ ಎಲುಬು ಒಬ್ಬನಲ್ಲಿ ಗೆದ್ದು ಇನ್ನೊಬ್ಬನಲ್ಲಿ ಸೋಲುವುದಕ್ಕೆ ಇದೊಂದು ದೊಡ್ಡ ಕಾರಣ.

ದಾನದ ಎಲುಬು ಸುಮ್ಮನೆ ಜಾಗ ಹಿಡಿದು ಕುಳಿತಿರುವುದೋ, ಅಥವಾ ಕರೆದು ಕೆಲಸ ಮಾಡಿಸುವುದೋ ಎಂಬ ಪ್ರಶ್ನೆಗೆ ಮಾರ್ಷಲ್ ಯೂರಿಸ್ಟ್ ಎಂಬ ಅಮೆರಿಕದ ವೈದ್ಯರು ೧೯೬೫ರಲ್ಲಿ ಉತ್ತರ ಕೊಟ್ಟರು. ಆಮ್ಲದಿಂದ ಸುಣ್ಣದ ಅಂಶವನ್ನೆಲ್ಲ ತೆಗೆದ ಎಲುಬನ್ನು ಪ್ರಾಣಿಯ ಮಾಂಸಖಂಡದಲ್ಲಿ ಇಟ್ಟರೆ, ಎಲುಬೇ ಇರಬಾರದ ಆ ಜಾಗದಲ್ಲಿ ಹೊಸ ಎಲುಬು ಹುಟ್ಟಿತು! ಎಲುಬಿನೊಳಗೆ ಅಡಗಿದ ಕೆಲವು ಪ್ರೋಟೀನುಗಳು ಸುತ್ತಲಿನ ಕಣಗಳಿಗೆ ಎಲುಬು ಕಟ್ಟಿರೆಂದು ಕರೆಕೊಡುವುವೆಂದು ಇದರಿಂದ ತಿಳಿಯಿತು. ಲಾರ್ಸನ್ನರ ದವಡೆಗೆ ಲೋಹದ ಬೇರು ಇಳಿದ ವರ್ಷವೂ ಅದೇ. ಸುಣ್ಣ ತೆಗೆದ ಎಲುಬಿನಲ್ಲಿ ಈ ಕರೆ ಜೋರು, ಆದರೆ ಅದು ಮೆತ್ತಗೆ, ಬೇಗ ಕುಸಿಯುವುದು. ಸುಣ್ಣವಿರುವ ಎಲುಬು ಜಾಗವನ್ನು ಹೆಚ್ಚು ಕಾಲ ಹಿಡಿದಿಡುವುದು. ಆದುದರಿಂದ ಎರಡನ್ನೂ ಬೆರೆಸಿ ಬಳಸುವುದುಂಟು.

ನಾಲ್ಕರಿಂದ ಆರು ತಿಂಗಳು ಕಳೆದ ಮೇಲೆ ಲೋಹದ ಬೇರಿಗಾಗಿ ಕೊರೆಯುವಾಗ, ಸಂಶೋಧಕರು ಆ ಕೊರೆದ ತಿರುಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವರು. ಹೊಸ ಎಲುಬು, ಮಜ್ಜೆ, ಇನ್ನೂ ಕರಗದ ದಾನದ ಕಾಳು ಈ ಮೂರೂ ಅಲ್ಲಿ ಬೆರೆತು ಕಾಣುವುವು. ದಾನದ ಕಾಳನ್ನು ಗುರುತಿಸುವುದು ಸುಲಭ. ಜೀವಂತ ಎಲುಬಿನಲ್ಲಿ ಪುಟ್ಟ ಪುಟ್ಟ ಗೂಡುಗಳಿದ್ದು ಪ್ರತಿಯೊಂದರಲ್ಲೂ ಒಂದು ಕಣ ವಾಸವಾಗಿರುತ್ತದೆ. ದಾನದ ಎಲುಬಿನಲ್ಲಿ ಗೂಡುಗಳೆಲ್ಲ ಖಾಲಿ, ಹಂಪಿಯ ಹಾಳು ಪೇಟೆಯಂತೆ. ಆ ಖಾಲಿ ಗೂಡುಗಳ ಗೋಡೆಗೇ ಒತ್ತಿಕೊಂಡು ಹೊಸ ಎಲುಬು ಎದ್ದಿರುತ್ತದೆ. ಲೋಹದ ಮೈಗೆ ತಾಗಿ ಬೆಸೆಯುವುದು ಈ ಹೊಸ ಎಲುಬೇ, ಅಂದರೆ ರೋಗಿಯ ಸ್ವಂತ ಎಲುಬೇ. ದಾನಿಯ ಎಲುಬು ಲೋಹವನ್ನು ಹಿಡಿಯುವುದಿಲ್ಲ. ಹಿಡಿಯುವವನು ಬರುವತನಕ ಜಾಗ ಕಾಯುವುದು. ಅಜ್ಜಿಗೆ ನಾನು ಇದನ್ನೇ ಹೇಳಿದೆ. "ಹಂಗಾರ ಅದು ಕಾವಲುಗಾರ ಅನ್ನು" ಎಂದಳು. ಅಷ್ಟು ಚೆನ್ನಾಗಿ ನನ್ನ ಬಾಯಲ್ಲಿ ಬಂದಿರಲಿಲ್ಲ.

ಇದರಿಂದಲೇ ಕಾಯುವುದು ಏಕೆ ಅನಿವಾರ್ಯವೆಂಬುದೂ ತಿಳಿಯುವುದು. ಗಟ್ಟಿ ನೆಲದಲ್ಲಿ ಹೂಳಿದ ಕಂಬ ಅಂದೇ ನಿಲ್ಲುತ್ತದೆ. ಹೊಸದಾಗಿ ಮಣ್ಣು ತುಂಬಿದ ಗುಂಡಿಯಲ್ಲಿ ನೆಟ್ಟ ಕಂಬ ಮಣ್ಣು ಕುಳಿತ ಮೇಲೆಯೇ ನಿಂತೀತು. ಲೋಹದ ಬೇರಿಗೆ ಎರಡು ಬಗೆಯ ಬಿಗಿ ಇದೆ. ಕೂರಿಸಿದ ದಿನ ಇರುವುದು ತಿರುಪಿನ ಬಿಗಿ; ಅದು ಮೊದಲ ಕೆಲವು ವಾರಗಳಲ್ಲಿ ಇಳಿಯುತ್ತ ಹೋಗುವುದು. ಬೆಸುಗೆಯ ಬಿಗಿ ಅದೇ ಹೊತ್ತಿನಲ್ಲಿ ಮೆಲ್ಲನೆ ಏರುವುದು. ಮೂರು ನಾಲ್ಕನೆಯ ವಾರದ ಸುಮಾರಿಗೆ ಎರಡೂ ಕಡಿಮೆಯಿರುವ ಸಂಧಿಕಾಲವೊಂದುಂಟು. ಆಗ ಬೇರು ೧೫೦ ಮೈಕ್ರೋಮೀಟರಿಗೆ, ಎಂದರೆ ಒಂದೆರಡು ಕೂದಲೆಳೆಯ ದಪ್ಪಕ್ಕೆ, ಮೀರಿ ಅಲುಗಾಡಿದರೆ ಎಲುಬಿನ ಬದಲು ನಾರು ಬೆಳೆಯುವುದು. ತುಂಬಿದ ಎಲುಬು ಸ್ವಂತ ಎಲುಬಿಗಿಂತ ಮೆದುವಾದ್ದರಿಂದ ತಿರುಪಿನ ಬಿಗಿಯೂ ಅಲ್ಲಿ ಕಡಿಮೆಯಿರಬಹುದು; ಆದುದರಿಂದ ಅಲ್ಲಿ ಇನ್ನಷ್ಟು ತಾಳ್ಮೆ ಬೇಕು. ಮಾವನಿಗೆ ಈಗ ಐದನೆಯ ತಿಂಗಳು ನಡೆಯುತ್ತಿದೆ. ಮಿರ್ಚಿ ಮಂಡಕ್ಕಿಯ ಅಂಗಡಿ ಎದುರಾದರೆ ಮುಖ ತಿರುಗಿಸುವರು.

ಫಲವೇನು? ದಾನದ ಎಲುಬಿನ ನೆಲದಲ್ಲಿ ನಿಲ್ಲಿಸಿದ ಬೇರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಉಳಿಯುವುದೆಂದು ಬಹುಪಾಲು ಅಧ್ಯಯನಗಳು ಹೇಳುತ್ತವೆ. ಸ್ವಂತ ಎಲುಬಿಗಿಂತ ಬಹಳ ಹಿಂದೆ ಬಿದ್ದಿಲ್ಲ. ಈ ಅಂಕಿಯನ್ನು ಹಾಗೆಯೇ ನಂಬಿ ಕುಣಿಯುವುದು ಸರಿಯಲ್ಲ. ಇಂಥ ಅಧ್ಯಯನಗಳಲ್ಲಿ ರೋಗಿಗಳನ್ನು ಆರಿಸಿ ತೆಗೆದುಕೊಳ್ಳುವರು: ವಿಪರೀತ ಧೂಮಪಾನಿಗಳನ್ನೂ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನೂ ಅನೇಕ ವೇಳೆ ಬಿಟ್ಟಿರುತ್ತಾರೆ. ನಮ್ಮ ಲಾರಿ ನಿಲ್ದಾಣದಲ್ಲಿ ಹತ್ತು ಜನರನ್ನು ನಿಲ್ಲಿಸಿ ನೋಡಿದರೆ ಆ ಅಧ್ಯಯನಕ್ಕೆ ಎಷ್ಟು ಜನ ಸಿಕ್ಕಾರು? ಬೀಡಿ ಸಿಗರೇಟಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದು; ರಕ್ತದ ದಾರಿ ಕಿರಿದಾದರೆ ಕೂಲಿಗಳು ಬರುವುದೆಲ್ಲಿಂದ? ಸೇದುವವರಲ್ಲಿ ಲೋಹದ ಬೇರು ಸೋಲುವ ಸಂಭವ ಸುಮಾರು ಎರಡು ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಗುಟ್ಕಾದ ಹಾವಳಿ ಬೇರೊಂದು ಬಗೆಯದು. ಅಡಿಕೆಯಿಂದ ಬಾಯೊಳಗಿನ ಚರ್ಮ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿದ್ದಾರೆ. ವೈದ್ಯರ ಕೊರೆಯುವ ಉಪಕರಣವೇ ಒಳಗೆ ಹೋಗದ ಮೇಲೆ ಯಾರ ಎಲುಬು ಏನು ಮಾಡೀತು? ಕರ್ನಾಟಕ ಸರ್ಕಾರ ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಮಸಾಲೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆಯಾಗಿ ಪಕ್ಕಪಕ್ಕದಲ್ಲಿಯೇ ತೂಗುತ್ತಿವೆ.

ಎಲ್ಲರಿಗೂ ಇದು ಬೇಕೆಂದು ನಾನು ಹೇಳುತ್ತಿಲ್ಲ. ವಯಸ್ಸಾದ ಅನೇಕರಿಗೆ ತೆಗೆದು ಹಾಕುವ ಹಲ್ಲಿನ ಸೆಟ್ಟೇ ಸಾಕು. ಅಕ್ಕಪಕ್ಕದ ಹಲ್ಲುಗಳ ಆಧಾರದ ಮೇಲೆ ಕಟ್ಟುವ ಸೇತುವೆಯೂ ಇದೆ. ಹಲ್ಲು ಕಿತ್ತ ದಿನವೇ ಕುಳಿಯನ್ನು ತುಂಬಿಸಿದರೆ ದಿಂಡು ಕುಗ್ಗುವುದು ಪೂರ್ತಿ ನಿಲ್ಲದಿದ್ದರೂ ಬಹಳಷ್ಟು ಕಡಿಮೆಯಾಗುವುದು. ಆದ್ದರಿಂದ ಕೀಳಿಸುವ ಮೊದಲೇ ಈ ಮಾತನ್ನು ಎತ್ತುವುದು ಒಳ್ಳೆಯದು. ಬಳ್ಳಾರಿಯಲ್ಲಿಯೇ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ಸಲಹೆ ಕೇಳಲು ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ. ಹೋದವರು ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ತುಂಬುವುದು ಮನುಷ್ಯನ ಎಲುಬೋ, ದನದ್ದೋ, ಕಾರ್ಖಾನೆಯದೋ? ಎಲುಬು ಯಾವುದೇ ಇರಲಿ, ಮೇಲೆ ಹಾಸುವ ಹೊದಿಕೆ ಹಂದಿಯದೋ ದನದ್ದೋ ಆಗಿರಬಹುದು, ಅದನ್ನೂ ಕೇಳಬೇಕು. ಬೇಡವೆನ್ನುವುದಕ್ಕೂ ರೋಗಿಗೆ ಹಕ್ಕುಂಟು. ಎರಡನೆಯದು, ಎಲುಬು ತುಂಬಿದ ಮೇಲೆ ಎಷ್ಟು ತಿಂಗಳು, ಬೇರು ಕೂರಿಸಿದ ಮೇಲೆ ಮತ್ತೆಷ್ಟು ತಿಂಗಳು ಕಾಯಬೇಕು ಎಂಬುದು. ಒಟ್ಟು ವರ್ಷದ ಹತ್ತಿರ ಬರುವ ಲೆಕ್ಕವಿದು. ದಿನಗೂಲಿಯವನಿಗೆ ಆಸ್ಪತ್ರೆಗೆ ಹೋದ ಒಂದೊಂದು ದಿನವೂ ಕೂಲಿ ತಪ್ಪಿದ ದಿನವಾದ್ದರಿಂದ, ಎಷ್ಟು ಸಲ ಬರಬೇಕೆಂಬುದನ್ನೂ ಮೊದಲ ದಿನವೇ ಬರೆಸಿಕೊಳ್ಳುವುದು ಮೇಲು.